ಆಫೀಸಿನ ಲೀಸ್ ಕಾರು: ಪ್ಲಗ್-ಇನ್ ಹೈಬ್ರಿಡ್ ಒಳ್ಳೆಯದೋ, ಪೂರ್ತಿ ಎಲೆಕ್ಟ್ರಿಕ್ ಒಳ್ಳೆಯದೋ? (ಯುಕೆ)

ರೆಡಿಂಗ್‌ವಾಸಿ
ಎಲ್ಲರಿಗೂ ನಮಸ್ಕಾರ. ಆಫೀಸಿನಿಂದ ಕಾರು ಕೊಡುತ್ತಿದ್ದಾರೆ. ಯಾವುದು ಬೇಕು ಅಂತ ಶುಕ್ರವಾರದೊಳಗೆ ಹೇಳಬೇಕು. ತಲೆ ಕೆಟ್ಟು ಹೋಗಿದೆ.

ನಾನು ಆಸ್ಪತ್ರೆಗಳ ಸ್ಕ್ಯಾನಿಂಗ್ ಮೆಷಿನ್ ರಿಪೇರಿ ಮಾಡುವವನು. ವಾರದಲ್ಲಿ ಎರಡು ಮೂರು ದಿನ ರೆಡಿಂಗ್, ಸ್ಲೌ, ಬೇಸಿಂಗ್‌ಸ್ಟೋಕ್ ಕಡೆ ಓಡಾಟ. ಉಳಿದ ದಿನ ಬ್ರಿಸ್ಟಲ್, ಕಾರ್ಡಿಫ್, ಒಮ್ಮೊಮ್ಮೆ ಎಕ್ಸಿಟರ್. ಡಿಕ್ಕಿ ತುಂಬಾ ಟೂಲ್ಸ್ ಇರುತ್ತವೆ. ಲೀಸ್ 4 ವರ್ಷ, ವರ್ಷಕ್ಕೆ 15,000 ಮೈಲಿ. ಟ್ಯಾಕ್ಸ್ 40% ಸ್ಲ್ಯಾಬ್.

ಪೆಟ್ರೋಲ್ ಕಾರು ಪಟ್ಟಿಯಲ್ಲೇ ಇಲ್ಲ. ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವುದು) ಅಥವಾ ಪೂರ್ತಿ ಎಲೆಕ್ಟ್ರಿಕ್, ಎರಡೇ. ನನಗೆ ಒಂದು ಹೈಬ್ರಿಡ್ ಎಸ್ಟೇಟ್ (ಉದ್ದ ಡಿಕ್ಕಿಯ ಕಾರು) ಇಷ್ಟವಾಗಿದೆ. ಬೆಲೆ ಸುಮಾರು 42,000 ಪೌಂಡ್, ಬ್ಯಾಟರಿಯಲ್ಲೇ 70 ಮೈಲಿಗಿಂತ ಜಾಸ್ತಿ ಓಡುತ್ತದಂತೆ. ಅದೇ ಬೆಲೆಗೆ ಎಲೆಕ್ಟ್ರಿಕ್ ಕೂಡ ಇದೆ. ಮನೆ ಬಾಡಿಗೆಯದು. ಡ್ರೈವ್‌ವೇ ಇದೆ, ಚಾರ್ಜರ್ ಇಲ್ಲ.

ರಾತ್ರಿ ಕಾರ್ಡಿಫ್‌ನಿಂದ ಬರುವಾಗ ಮಳೆಯಲ್ಲಿ ಚಾರ್ಜರ್ ಹುಡುಕುತ್ತಾ ನಿಲ್ಲುವುದು ನನಗೆ ಬೇಡ. ಹೈಬ್ರಿಡ್ ಆದರೆ ಆ ಟೆನ್ಷನ್ ಇಲ್ಲ ಅಲ್ವಾ? ಓಡಿಸಿದವರು ಹೇಳಿ.

ಎಂ25_ಪಯಣಿಗ
ಹೈಬ್ರಿಡ್ ತಗೊಳ್ಳಿ, ನೆಮ್ಮದಿಯಾಗಿರಿ. ಮಿಕ್ಕಿದ್ದೆಲ್ಲ ಸುಮ್ನೆ ಗಲಾಟೆ.

ಪೆಟ್ರೋಲ್_ಪ್ರೇಮಿ
ಪ್ಲಗ್-ಇನ್ ಹೈಬ್ರಿಡ್ ಅಂದರೆ ಟ್ಯಾಕ್ಸ್ ಉಳಿಸುವ ನಾಟಕ. 2018ರಲ್ಲಿ ಇಲ್ಲಿನ ಕಂಪನಿ ಕಾರುಗಳ ಲೆಕ್ಕ ತೆಗೆದಾಗ ಏನು ಸಿಕ್ಕಿತು ಗೊತ್ತಾ? ಬ್ರೋಷರ್‌ನಲ್ಲಿ ಗ್ಯಾಲನ್‌ಗೆ 130 ಮೈಲಿ, ರಸ್ತೆಯಲ್ಲಿ ಸುಮಾರು 40. ಕೆಲವು ಕಾರು ಲೀಸ್ ಮುಗಿಸಿ ವಾಪಸ್ ಬಂದಾಗ ಚಾರ್ಜಿಂಗ್ ಕೇಬಲ್‌ನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ.

ಕುಂದಾಪ್ರ_ಕುವರ
ಕೊಡೆ ಹಿಡಿದುಕೊಂಡು ಹೋಗಿ ಬಿಚ್ಚದೆ ನೆಂದು ಬಂದ ಹಾಗಾಯಿತಲ್ಲ ಮಾರಾಯ್ರೆ 😄

ಎಂ25_ಪಯಣಿಗ
@ಪೆಟ್ರೋಲ್_ಪ್ರೇಮಿ ಅದು ಹಳೇ ಕಥೆ. ಆಗಿನ ಕಾರುಗಳು ಬ್ಯಾಟರಿಯಲ್ಲಿ 20-30 ಮೈಲಿ ಓಡಿದರೆ ಹೆಚ್ಚು. ಈಗಿನ ಗಾಲ್ಫ್, ಪಸಾಟ್, ಸೂಪರ್ಬ್ ನೋಡಿ. ಬಳಕೆಗೆ ಸಿಗುವ ಬ್ಯಾಟರಿಯೇ 20 ಯೂನಿಟ್ ಹತ್ತಿರ ಇದೆ, ಫಾಸ್ಟ್ ಚಾರ್ಜರ್‌ಗೂ ಹಾಕಬಹುದು. ಎರಡೂ ಒಂದೇ ಅನ್ನಬೇಡಿ.

ಪೆಟ್ರೋಲ್_ಪ್ರೇಮಿ
ಬ್ಯಾಟರಿ ದೊಡ್ಡದಾಯಿತು, ಸೋಮಾರಿತನ ಚಿಕ್ಕದಾಯಿತೇ? 2022ರಲ್ಲಿ ಐಸಿಸಿಟಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಅನ್ನುವ ಸಂಶೋಧನಾ ಸಂಸ್ಥೆಗಳವರು ಯುರೋಪಿನ ಕಾರುಗಳನ್ನು ನೋಡಿ ಬರೆದಿದ್ದಾರೆ. ಸ್ವಂತ ದುಡ್ಡಿನಲ್ಲಿ ಕೊಂಡವರು 45ರಿಂದ 49% ದೂರ ಕರೆಂಟಿನಲ್ಲಿ ಓಡಿಸುತ್ತಾರೆ. ಕಂಪನಿ ಕಾರಿನವರು ಬರೀ 11ರಿಂದ 15%. ಕಾರು ಅದೇ. ಪೆಟ್ರೋಲ್ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದಷ್ಟೇ ಬೇರೆ.

ಲೆಕ್ಕದಮ್ಮ_ಎಂಕೆ
ಮಿಲ್ಟನ್ ಕೀನ್ಸ್‌ನಲ್ಲಿ ಪೇರೋಲ್ ಕೆಲಸ ನನ್ನದು. ಇಂಥ ಕೋಷ್ಟಕ ದಿನಾ ನೋಡುತ್ತೇನೆ. ಮೈಲೇಜ್ ಜಗಳ ಆಮೇಲೆ ಮಾಡಿ, ಮೊದಲು ನಿಮ್ಮ ಸಂಬಳದಿಂದ ಕಟ್ ಆಗುವುದನ್ನು ನೋಡೋಣ.

ಕಂಪನಿ ಕಾರು ಸಂಬಳದ ಹಾಗೆಯೇ ಒಂದು ಸವಲತ್ತು, ಅದಕ್ಕೆ ಬಿಐಕೆ (ಬೆನಿಫಿಟ್ ಇನ್ ಕೈಂಡ್) ತೆರಿಗೆ. ಕಾರಿನ ಪಟ್ಟಿ ಬೆಲೆಯನ್ನು (ಪಿ11ಡಿ ಬೆಲೆ ಅನ್ನುತ್ತೇವೆ) ಒಂದು ಶೇಕಡಾವಾರಿನಿಂದ ಗುಣಿಸಿ, ಬಂದ ಮೊತ್ತಕ್ಕೆ ನಿಮ್ಮ ಸ್ಲ್ಯಾಬ್ ಹಾಕುತ್ತಾರೆ. ಆಫೀಸಿಗೆ ಎಷ್ಟು ಡಿಸ್ಕೌಂಟ್ ಸಿಕ್ಕಿದ್ದರೂ ಲೆಕ್ಕ ಪಟ್ಟಿ ಬೆಲೆಗೇ.

2026-27ರಲ್ಲಿ ಎಲೆಕ್ಟ್ರಿಕ್‌ಗೆ 4%. ಬ್ಯಾಟರಿಯಲ್ಲೇ 70ರಿಂದ 129 ಮೈಲಿ ಓಡುವ ಹೈಬ್ರಿಡ್‌ಗೆ 7%. ನಿಮ್ಮ 42,000ಕ್ಕೆ ತಿಂಗಳಿಗೆ 56 ಪೌಂಡ್, 98 ಪೌಂಡ್. 2027-28ರಲ್ಲಿ 5% ಮತ್ತು 8%, ಅಂದರೆ 70 ಮತ್ತು 112. ಇಲ್ಲಿವರೆಗೆ ಪರವಾಗಿಲ್ಲ.

ಏಪ್ರಿಲ್ 2028ಕ್ಕೆ ಆಟ ಬದಲಾಗುತ್ತದೆ. ಬ್ಯಾಟರಿ ಎಷ್ಟು ಮೈಲಿ ಅನ್ನುವ ಲೆಕ್ಕವನ್ನೇ ತೆಗೆದುಹಾಕುತ್ತಾರೆ. ಕಿಲೋಮೀಟರಿಗೆ 1ರಿಂದ 50 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುವ ಕಾರುಗಳಿಗೆಲ್ಲ ಒಂದೇ ದರ, 18%. ಮರುವರ್ಷ 19%. ಎಲೆಕ್ಟ್ರಿಕ್‌ಗೆ ಆಗ 7% ಮತ್ತು 9%. ನಿಮ್ಮ ಹೈಬ್ರಿಡ್‌ಗೆ ತಿಂಗಳಿಗೆ 252, ಆಮೇಲೆ 266 ಪೌಂಡ್. ಎಲೆಕ್ಟ್ರಿಕ್ ಆದರೆ 98, ಆಮೇಲೆ 126.

ನಿಮ್ಮದು 4 ವರ್ಷದ ಲೀಸ್. ಈಗ ಸಹಿ ಹಾಕಿದರೆ ಸುಮಾರು ಅರ್ಧ ಕಾಲ ಈ 18-19ರಲ್ಲೇ ಇರುತ್ತೀರಿ. ಲೀಸಿಂಗ್ ಕಂಪನಿಗಳ ಕೊಟೇಶನ್‌ನಲ್ಲಿ ಮೊದಲ ವರ್ಷದ ತೆರಿಗೆ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

ರೆಡಿಂಗ್‌ವಾಸಿ
ಮೇಡಂ, ನನ್ನ ಕೊಟೇಶನ್‌ನಲ್ಲೂ 98 ಪೌಂಡ್ ಅಂತಲೇ ಇದೆ. 2028ರ ವಿಷಯ ಒಂದು ಸಾಲೂ ಇಲ್ಲ.

ಲೆಕ್ಕದಮ್ಮ_ಎಂಕೆ
ಇರುವುದಿಲ್ಲ. ಎರಡು ವರ್ಷದ ಲೀಸ್ ಕೊಡುತ್ತಾರಾ ಕೇಳಿ. ಕೊಟ್ಟರೆ ಹೈಬ್ರಿಡ್‌ಗೆ ಅರ್ಥ ಇದೆ.

ಇನ್ನೊಂದು. ನೋಡೋಕೆ ಚೆನ್ನಾಗಿದೆ ಅಂತ ದೊಡ್ಡ ಚಕ್ರ ಆರಿಸಬೇಡಿ. ಚಕ್ರ ದೊಡ್ಡದಾದರೆ ರೇಂಜ್, ಅಂದರೆ ಬ್ಯಾಟರಿಯಲ್ಲಿ ಓಡುವ ದೂರ, ಇಳಿಯುತ್ತದೆ. 70ರ ಅಂಚಿನಲ್ಲಿರುವ ಕಾರು 69ಕ್ಕೆ ಇಳಿದರೆ ಈ ವರ್ಷ 7% ಹೋಗಿ 10% ಆಗುತ್ತದೆ. ಆರ್ಡರ್ ಮಾಡುವ ಮುಂಚೆ ನಿಮ್ಮ ಆಪ್ಷನ್‌ಗಳನ್ನೆಲ್ಲ ಸೇರಿಸಿದ ಮೇಲಿನ ರೇಂಜ್ ಎಷ್ಟು ಅಂತ ಬರಹದಲ್ಲಿ ತಗೊಳ್ಳಿ.

ಗ್ಲಾಸ್ಗೋ_ಡಾಕ್ಟ್ರು
ಸ್ಕಾಟ್ಲೆಂಡ್‌ನವರು ಮೇಡಂ ಲೆಕ್ಕದಲ್ಲಿ 40 ಬದಲು 42 ಹಾಕಿಕೊಳ್ಳಿ. ನಮಗೆ ಆ ಸ್ಲ್ಯಾಬ್ ಶುರುವಾಗುವುದೂ ಬೇಗ.

ನಾನು ಹೈಬ್ರಿಡ್ ಓಡಿಸಿ ಈಗ ಎಲೆಕ್ಟ್ರಿಕ್‌ಗೆ ಬಂದವನು. ಆಸ್ಪತ್ರೆ, ಮನೆ, ಮಕ್ಕಳ ಸ್ಕೂಲು. ಇಷ್ಟಕ್ಕೆ ಹೈಬ್ರಿಡ್ ಚೆನ್ನಾಗಿತ್ತು, ಬೇಸಿಗೆಯಲ್ಲಿ ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗಿತ್ತು. ಚಳಿಗಾಲ ಬಂತು ನೋಡಿ. ಬ್ಯಾಟರಿ ತುಂಬಿದ್ದರೂ ಹೀಟರ್ ಹಾಕಿದ ತಕ್ಷಣ ಎಂಜಿನ್ ಗುರ್ ಅನ್ನುತ್ತಿತ್ತು. ಕೆಲವು ಮಾಡೆಲ್‌ಗಳಲ್ಲಿ ಒಳಗೆ ಬೆಚ್ಚಗಾಗುವುದೇ ಎಂಜಿನ್ ಬಿಸಿಯಿಂದ. ಗ್ಲಾಸ್ಗೋದಲ್ಲಿ ಹೀಟರ್ ಹಾಕದ ತಿಂಗಳು ಯಾವುದು ಹೇಳಿ?

ಆದ್ದರಿಂದ ಟೆಸ್ಟ್ ಡ್ರೈವ್‌ನಲ್ಲಿ ಹೀಟರ್ ಜೋರಾಗಿ ಹಾಕಿ ನೋಡಿ. ಎಂಜಿನ್ ಎದ್ದರೆ ಆ ಕಾರು ಬೇಡ. ಕರೆಂಟ್ ಹೀಟರ್ ಇರುವುದು ಸಿಕ್ಕರೆ, ಹೊರಡುವ ಮುಂಚೆ ಪ್ಲಗ್‌ನಲ್ಲಿ ಇರುವಾಗಲೇ ಆ್ಯಪ್‌ನಿಂದ ಬೆಚ್ಚಗೆ ಮಾಡಿಕೊಳ್ಳಿ. ಬ್ಯಾಟರಿ ಉಳಿಯುತ್ತದೆ, ಗಾಜಿನ ಮಂಜು ಕೆರೆಯುವ ಕೆಲಸವೂ ತಪ್ಪುತ್ತದೆ.

ಹಾಸನದ_ಹೆಣ್ಮಗಳು
ಡಾಕ್ಟ್ರೇ, ನೀವು ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ (ಸಂಬಳದ ಒಂದು ಭಾಗ ಬಿಟ್ಟುಕೊಟ್ಟು ಕಾರು ಪಡೆಯುವುದು) ತಗೊಂಡಿದ್ದಾ? ನಮ್ಮೆಜಮಾನ್ರೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ). ಸ್ಕೀಮ್ ಇದೆ ಅಂತಾರೆ, ಧೈರ್ಯ ಬರುತ್ತಿಲ್ಲ.

ಗ್ಲಾಸ್ಗೋ_ಡಾಕ್ಟ್ರು
ಹೌದಮ್ಮ. ಇನ್ಶೂರೆನ್ಸ್, ಸರ್ವೀಸ್, ಟೈರ್ ಎಲ್ಲ ಅದರಲ್ಲೇ ಬರುತ್ತದೆ. ಆದರೆ ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳ ಇಳಿಯುತ್ತದೆ, ಅದನ್ನು ಮೊದಲೇ ವಿಚಾರಿಸಿ. ಸಂಬಳ ಒಂದು ಲಕ್ಷ ಪೌಂಡ್ ದಾಟಿದವರಿಗೆ ಹೀಗೆ ಸಂಬಳ ಇಳಿಯುವುದೇ ಉಪಯೋಗಕ್ಕೆ ಬರಬಹುದು. 1,00,000ದಿಂದ 1,25,140ರವರೆಗೆ ಇಂಗ್ಲೆಂಡಿನಲ್ಲಿ ನಿಜವಾದ ತೆರಿಗೆ 60% ಆಗುತ್ತದೆ, ದುಡಿಯುವ ಪಾಲಕರಿಗೆ ಸಿಗುವ ಹೆಚ್ಚುವರಿ ಉಚಿತ ನರ್ಸರಿ ಗಂಟೆಗಳೂ ಹೋಗುತ್ತವೆ.

ಲೆಕ್ಕದಮ್ಮ_ಎಂಕೆ
ವೀಸಾ ಮೇಲೆ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಕನಿಷ್ಠ ಸಂಬಳ ಮಿತಿ 2025ರ ಜುಲೈನಿಂದ 41,700 ಪೌಂಡ್. ನಿಮ್ಮ ಸಂಬಳ ಅದರ ಆಸುಪಾಸಿನಲ್ಲಿದ್ದರೆ, ಕಾರಿಗಾಗಿ ಸಂಬಳ ಕಡಿಮೆ ಮಾಡಿಸಿಕೊಳ್ಳುವ ಮುಂಚೆ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ. ಕಾರಿನ ಆಸೆಗೆ ವೀಸಾ ತೊಂದರೆ ಯಾಕೆ?

ಸ್ಲೌ_ಸಾಫ್ಟ್‌ವೇರ್
ಇದನ್ನು ಪಿನ್ ಮಾಡಿ ಯಾರಾದರೂ. ಹೊಸದಾಗಿ ಬಂದ ಹುಡುಗರು ಮೂರನೇ ತಿಂಗಳಿಗೇ ಟೆಸ್ಲಾ ಬುಕ್ ಮಾಡುತ್ತಾರೆ. ಲೈಸೆನ್ಸ್ ನೋಡಿದರೆ ಊರಿನದು, ಅದು ಇಲ್ಲಿ 12 ತಿಂಗಳು ಮಾತ್ರ ನಡೆಯುತ್ತದೆ.

ಕುಂದಾಪ್ರ_ಕುವರ
ಇಲ್ಲಿನ ಡ್ರೈವಿಂಗ್ ಟೆಸ್ಟ್‌ಗೆ ಡೇಟ್ ಸಿಗುವುದಕ್ಕಿಂತ ಕಾರು ಸಿಗುವುದೇ ಬೇಗ ಮಾರಾಯ್ರೆ. ಆ ಕಥೆ ಎತ್ತಬೇಡಿ, ಬಿಪಿ ಏರುತ್ತದೆ.

ರೆಡಿಂಗ್‌ವಾಸಿ
ಪೆಟ್ರೋಲ್ ಖರ್ಚು ಹೇಗೆ? ನಮ್ಮಲ್ಲಿ ಫ್ಯುಯಲ್ ಕಾರ್ಡ್ ಇಲ್ಲ. ಕೈಯಿಂದ ಹಾಕಿ ಮೈಲಿ ಲೆಕ್ಕದಲ್ಲಿ ವಾಪಸ್ ಕೇಳಬೇಕು.

ಎಂ25_ಪಯಣಿಗ
ಅಲ್ಲೇ ಇದೆ ಹೈಬ್ರಿಡ್‌ನ ಮಜಾ. ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಮೂರು ತಿಂಗಳಿಗೊಮ್ಮೆ ಮೈಲಿಗೆ ಇಷ್ಟು ಪೆನ್ಸ್ ಅಂತ ದರ ಹಾಕುತ್ತದೆ. ಹೈಬ್ರಿಡ್‌ಗೆ ಬೇರೆ ದರ ಇಲ್ಲ, ಪೆಟ್ರೋಲ್ ಕಾರು ಅಂತಲೇ ಲೆಕ್ಕ. 1.5 ಲೀಟರ್ ಎಂಜಿನ್ ಆದರೆ 14 ಪೆನ್ಸ್ ಆಸುಪಾಸು. ನೀವು ಕರೆಂಟಿನಲ್ಲಿ ಓಡಿಸಿದರೂ ಅಷ್ಟೇ ಕೊಡುತ್ತಾರೆ.

ರಾತ್ರಿ ದರದಲ್ಲಿ ಯೂನಿಟ್‌ಗೆ 7-8 ಪೆನ್ಸ್. ಒಂದು ಯೂನಿಟ್‌ಗೆ 3 ಮೈಲಿ ಹಿಡಿಯಿರಿ. ಮೈಲಿಗೆ ಎರಡೂವರೆ ಪೆನ್ಸ್ ಖರ್ಚು, 14 ಪೆನ್ಸ್ ಕೈಗೆ. ನನ್ನ ಹಾಲಿಡೇ ಖರ್ಚು ಇದರಲ್ಲೇ ಹೋಗುತ್ತದೆ.

ಪೆಟ್ರೋಲ್_ಪ್ರೇಮಿ
ಅವರು ಕಾರ್ಡಿಫ್‌ಗೆ ಹೋಗುವವರು ಸ್ವಾಮಿ. ರೆಡಿಂಗ್‌ನಿಂದ ಕಾರ್ಡಿಫ್ ನೂರು ಮೈಲಿ ಮೇಲೆ. 70ರ ವೇಗದಲ್ಲಿ, ಚಳಿಯಲ್ಲಿ, ಟೂಲ್ಸ್ ಹೊತ್ತುಕೊಂಡು ಹೋದರೆ ಬ್ರೋಷರಿನ 70 ಮೈಲಿ ಎಲ್ಲಿ ಬರುತ್ತದೆ? ಹೋಗುವಾಗಲೇ ಬ್ಯಾಟರಿ ಖಾಲಿ. ಬರುವಾಗ ಪೂರ್ತಿ ಪೆಟ್ರೋಲ್, ಜೊತೆಗೆ ಖಾಲಿ ಬ್ಯಾಟರಿಯ ಭಾರ. ಲೀಟರ್ 135 ಪೆನ್ಸ್ ಹಿಡಿದು ಗ್ಯಾಲನ್‌ಗೆ 45 ಮೈಲಿ ಕೊಟ್ಟರೆ ಮೈಲಿಗೆ ಹದಿಮೂರೂವರೆ ಪೆನ್ಸ್ ಮೇಲಾಯಿತು. 35 ಕೊಟ್ಟರೆ ಹದಿನೇಳೂವರೆ. ಕಂಪನಿ ಕೊಡುವ 14ರಲ್ಲಿ ಕೈಯಿಂದಲೇ ಹೋಗುತ್ತದೆ.

ಎಂ25_ಪಯಣಿಗ
ದಾರಿಯಲ್ಲಿ ಮೆಂಬರಿ ಸರ್ವೀಸಸ್ ಇದೆ, ಲೀ ಡೆಲಮೇರ್ ಸರ್ವೀಸಸ್ ಇದೆ. ಕಾಫಿ ಕುಡಿಯುವಷ್ಟರಲ್ಲಿ ಚಾರ್ಜ್ ಆಗುತ್ತದೆ.

ಗ್ಲಾಸ್ಗೋ_ಡಾಕ್ಟ್ರು
ಮೋಟಾರ್‌ವೇ ಸರ್ವೀಸಸ್‌ನಲ್ಲಿ ಯೂನಿಟ್ 75-80 ಪೆನ್ಸ್. ಮೂರು ಮೈಲಿಗೆ ಭಾಗಿಸಿ. ಮೈಲಿಗೆ 25 ಪೆನ್ಸ್ ಮೇಲೆ! ಹೈಬ್ರಿಡ್‌ಗೆ ಅಲ್ಲಿ ಚಾರ್ಜ್ ಮಾಡುವುದಕ್ಕಿಂತ ಪೆಟ್ರೋಲ್ ಅಗ್ಗ. ಹಿಂದೆ ಕ್ಯೂನಲ್ಲಿ ನಿಂತ ಎಲೆಕ್ಟ್ರಿಕ್ ಕಾರಿನವರು ಬೈಯುವುದು ಬೇರೆ.

ಎಂ25_ಪಯಣಿಗ
ಬೈಯಲಿ ಬಿಡಿ. ಅವರಪ್ಪನ ಚಾರ್ಜರ್ರಾ?

ನಿರ್ವಾಹಕ
ಅಪ್ಪ ಅಮ್ಮ ಬೇಡ. ಕಾರಿನ ವಿಷಯ ಮಾತ್ರ.

ಹಾಸನದ_ಹೆಣ್ಮಗಳು
ಮನೆ ಚಾರ್ಜರ್ ಇಲ್ಲ ಅಂದಿದ್ದಾರಲ್ಲ, ಅದನ್ನು ಯಾರೂ ಕೇಳುತ್ತಿಲ್ಲ. ಸಾದಾ ಮೂರು ಪಿನ್ ಪ್ಲಗ್ ಸಾಕಾಗುತ್ತದಾ? ನಮ್ಮದು ಲೀಡ್ಸ್‌ನಲ್ಲಿ ಟೆರೇಸ್ ಮನೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ, ಕೇಬಲ್ ಫುಟ್‌ಪಾತ್ ದಾಟಬೇಕು. ಎಳೆದರೆ ಯಾರಾದರೂ ಎಡವಿ ಬೀಳುತ್ತಾರೆ. ಈ ಎಲೆಕ್ಟ್ರಿಕ್ ಯುಗ ಡ್ರೈವ್‌ವೇ ಇದ್ದವರಿಗೆ ಮಾತ್ರ ಅಂತ ನನಗೆ ಅನಿಸುತ್ತದೆ. ಮನೆಯಲ್ಲಿ ಕರೆಂಟಿಗೆ ವ್ಯಾಟ್ 5%, ರಸ್ತೆ ಬದಿ ಚಾರ್ಜರ್‌ಗೆ 20%. ಮನೆ ಚಿಕ್ಕದಿದ್ದವರು ಜಾಸ್ತಿ ಕಟ್ಟಬೇಕು. ಇದು ಯಾವ ನ್ಯಾಯ?

ಸ್ಲೌ_ಸಾಫ್ಟ್‌ವೇರ್
ಅಕ್ಕ, ಫುಟ್‌ಪಾತ್‌ನಲ್ಲಿ ಕಿರಿದಾದ ಕಾಲುವೆ ಕೊರೆದು ಕೇಬಲ್ ಹಾಕಲು ಕೆಲವು ಕೌನ್ಸಿಲ್ ಒಪ್ಪುತ್ತವೆ. ಸರ್ಕಾರ 2025ರಲ್ಲಿ ಅದಕ್ಕೆ 2.5 ಕೋಟಿ ಪೌಂಡ್ ಇಟ್ಟಿತ್ತು. ನಿಮ್ಮ ಕೌನ್ಸಿಲ್‌ನಲ್ಲಿ ಕೇಳಿ.

ಮೂರು ಪಿನ್ ವಿಷಯಕ್ಕೆ ಬಂದರೆ, ಅದರಲ್ಲಿ ಗಂಟೆಗೆ ಎರಡು ಯೂನಿಟ್ ಚಿಲ್ಲರೆ ಹೋಗುತ್ತದೆ. 20 ಯೂನಿಟ್ ಬ್ಯಾಟರಿ ತುಂಬಲು ಒಂಬತ್ತು ಹತ್ತು ಗಂಟೆ. ಆದರೆ ಅಗ್ಗದ ರಾತ್ರಿ ದರ ಐದಾರು ಗಂಟೆಯಷ್ಟೇ ಇರುತ್ತದೆ. ಮಿಕ್ಕಿದ್ದು ಮಾಮೂಲಿ ದರಕ್ಕೆ. ಎಂ25 ಅಣ್ಣ ಹೇಳಿದ ಎರಡೂವರೆ ಪೆನ್ಸ್ ಲೆಕ್ಕ ಸರಿಯಾದ ಚಾರ್ಜರ್ ಇದ್ದವರಿಗೆ ಮಾತ್ರ. ಹಳೇ ವೈರಿಂಗ್ ಮನೆಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಇಡೀ ರಾತ್ರಿ ಚಾರ್ಜ್ ಮಾಡುವ ಸಾಹಸ ಯಾರೂ ಮಾಡಬೇಡಿ. ಪ್ಲಗ್ ಕರಗುತ್ತದೆ.

ರೆಡಿಂಗ್‌ವಾಸಿ
ಮನೆ ಓನರ್ ಕೇಳಿದೆ. ಚಾರ್ಜರ್ ಹಾಕಿಸಿಕೋ, ಖರ್ಚು ನಿನ್ನದು ಅಂದರು. ಖಾಲಿ ಮಾಡುವಾಗ ಬಿಟ್ಟು ಹೋಗಬೇಕಂತೆ.

ಕುಂದಾಪ್ರ_ಕುವರ
ಲಂಡನ್ನಾದರೇನು, ಬಸವನಗುಡಿಯಾದರೇನು. ಓನರ್ ಓನರೇ.

ಜಯನಗರ_4ನೇ_ಬ್ಲಾಕ್
ಬೆಂಗಳೂರಿನಿಂದ ಇಣುಕುತ್ತಿದ್ದೇನೆ. ನಮ್ಮಲ್ಲಿ ಈ ಪ್ಲಗ್-ಇನ್ ಹೈಬ್ರಿಡ್ ಕಣ್ಣಿಗೇ ಬೀಳುವುದಿಲ್ಲ. ಕಾರಣ ತೆರಿಗೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದ ಮೇಲೂ ದೊಡ್ಡ ಹೈಬ್ರಿಡ್‌ಗೆ 40%, ಎಲೆಕ್ಟ್ರಿಕ್‌ಗೆ 5%. ಎಂಜಿನ್, ಮೋಟಾರ್ ಎರಡನ್ನೂ ಹೊತ್ತ ದುಬಾರಿ ಕಾರಿಗೆ 40% ಕಟ್ಟಿ ಯಾರು ತಗೊಳ್ಳುತ್ತಾರೆ? ನಮ್ಮ ಆಫೀಸಿನ ಲೀಸ್ ಪಟ್ಟಿಯಲ್ಲಿ ನೆಕ್ಸಾನ್ ಇದೆ, ಪ್ಲಗ್ ಹಾಕದ ಹೈಬ್ರಿಡ್ ಹೈಕ್ರಾಸ್ ಇದೆ. ಅಷ್ಟೇ.

ಸ್ಲೌ_ಸಾಫ್ಟ್‌ವೇರ್
ನೀವು ಬೆಂಗಳೂರಿನವರು ಎಲೆಕ್ಟ್ರಿಕ್‌ನಲ್ಲಿ ನಮಗಿಂತ ಮುಂಚೆ ಅಲ್ವಾ? ರೇವಾ!

ಜಯನಗರ_4ನೇ_ಬ್ಲಾಕ್
ಹೌದು ರೀ. ಬೊಮ್ಮಸಂದ್ರದಲ್ಲಿ ಮಾಡುತ್ತಿದ್ದರು, 2001ರಲ್ಲಿ ರಸ್ತೆಗೆ ಬಂತು. ನಮ್ಮ ಬ್ಲಾಕಿನಲ್ಲೇ ಒಂದಿತ್ತು, ಎಲ್ಲರೂ ನಗುತ್ತಿದ್ದರು. ಅದೇ ಕಾರು ಜಿ-ವಿಜ್ ಅಂತ ಹೆಸರು ಬದಲಿಸಿಕೊಂಡು ಲಂಡನ್‌ನಲ್ಲಿ ಓಡಿತು.

ಎಂ25_ಪಯಣಿಗ
ಓಡಿದ್ದು ಕನ್ಜೆಷನ್ ಚಾರ್ಜ್ ಪುಣ್ಯದಿಂದ. 2003ರಲ್ಲಿ ಲಂಡನ್ ಒಳಗೆ ಬರಲು ದುಡ್ಡು ಅಂದರು, ಎಲೆಕ್ಟ್ರಿಕ್‌ಗೆ ಮಾಫಿ. ಆಮೇಲೆ ಹೈಬ್ರಿಡ್‌ಗೂ ರಿಯಾಯಿತಿ ಇತ್ತು, 2021ರ ಅಕ್ಟೋಬರ್‌ನಲ್ಲಿ ತೆಗೆದರು. 2025ರ ಕ್ರಿಸ್‌ಮಸ್‌ಗೆ ಎಲೆಕ್ಟ್ರಿಕ್‌ನ ಪೂರ್ತಿ ಮಾಫಿಯೂ ಹೋಯಿತು. ಈಗ ದಿನಕ್ಕೆ 18 ಪೌಂಡ್, ಎಲೆಕ್ಟ್ರಿಕ್‌ಗೆ ಸ್ವಲ್ಪ ಕಡಿಮೆ. ಸವಲತ್ತು ತೋರಿಸಿ ಕಾರು ಕೊಳ್ಳಿಸುತ್ತಾರೆ, ಕೊಂಡ ಮೇಲೆ ಸವಲತ್ತು ತೆಗೆಯುತ್ತಾರೆ. ಅದಕ್ಕೇ ಹೇಳಿದ್ದು, ನೆಮ್ಮದಿ ನೋಡಿ, ತೆರಿಗೆ ನೋಡಬೇಡಿ ಅಂತ.

ಲೆಕ್ಕದಮ್ಮ_ಎಂಕೆ
ಹಾಗಾದರೆ ಇದನ್ನೂ ಕೇಳಿ. 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿದ ಹಾಗೆ ಏಪ್ರಿಲ್ 2028ರಿಂದ ಮೈಲಿ ತೆರಿಗೆ. ಎಲೆಕ್ಟ್ರಿಕ್‌ಗೆ ಮೈಲಿಗೆ 3 ಪೆನ್ಸ್, ಪ್ಲಗ್-ಇನ್ ಹೈಬ್ರಿಡ್‌ಗೆ ಒಂದೂವರೆ. 15,000 ಮೈಲಿಗೆ 450 ಮತ್ತು 225 ಪೌಂಡ್. ಇದೊಂದರಲ್ಲಿ ಹೈಬ್ರಿಡ್ ಗೆದ್ದಿತು. ಆದರೆ 225 ಉಳಿಸಲು ಬಿಐಕೆಯಲ್ಲಿ ವರ್ಷಕ್ಕೆ ಸಾವಿರದೆಂಟುನೂರು ಜಾಸ್ತಿ ಕಟ್ಟುವುದು ಯಾವ ಲೆಕ್ಕ ಸರ್?

ಎಂ25_ಪಯಣಿಗ
ಹೈಬ್ರಿಡ್ ಪೆಟ್ರೋಲ್‌ನಲ್ಲಿ ಒಂದಿಷ್ಟು ಸುಂಕ ಆಗಲೇ ಕಟ್ಟಿರುತ್ತದೆ, ಅದಕ್ಕೇ ಅರ್ಧ ದರ. ನ್ಯಾಯವಾಗಿದೆ. ಮೇಡಂ ಹತ್ತಿರ ಬಿಐಕೆಯಲ್ಲಿ ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ಬಿಟ್ಟೆ.

ರೆಡಿಂಗ್‌ವಾಸಿ
ಅಪ್ಡೇಟ್. ಫ್ಲೀಟ್‌ನವರನ್ನು ಕೇಳಿದೆ. ಎರಡು ವರ್ಷದ ಲೀಸ್ ಇಲ್ಲವಂತೆ. ಮಧ್ಯದಲ್ಲಿ ವಾಪಸ್ ಕೊಟ್ಟರೆ ದಂಡ. ಹೈಬ್ರಿಡ್ ಬೇಡ ಅಂತ ಬರೆದುಕೊಟ್ಟೆ. ಎಲೆಕ್ಟ್ರಿಕ್ ಹೇಳಿದ್ದೇನೆ, ಡಿಕ್ಕಿ ಸ್ವಲ್ಪ ಚಿಕ್ಕದು. ಹೊರಗಿನ ಚಾರ್ಜಿಂಗ್‌ಗೆ ಆಫೀಸ್ ಕಾರ್ಡ್ ಕೊಡುತ್ತಾರೆ ಅಂದ ಮೇಲೆ ಕಾರ್ಡಿಫ್ ಭಯ ಅರ್ಧ ಹೋಯಿತು. ಇನ್ನರ್ಧ ಚಳಿಗಾಲದಲ್ಲಿ ನೋಡೋಣ.

ಎಂ25_ಪಯಣಿಗ
ಡಿಸೆಂಬರ್‌ನಲ್ಲಿ ಇಲ್ಲೇ ಬಂದು ಬರೆಯಿರಿ. ನಾನು ಇರುತ್ತೇನೆ 😏

ಗ್ಲಾಸ್ಗೋ_ಡಾಕ್ಟ್ರು
ಏನೂ ಆಗುವುದಿಲ್ಲ. ಹೀಟ್ ಪಂಪ್ (ಕಡಿಮೆ ಕರೆಂಟಿನಲ್ಲಿ ಬೆಚ್ಚಗೆ ಮಾಡುವ ಹೀಟರ್) ಇರುವ ಮಾಡೆಲ್ಲಾ ನೋಡಿ, ಅಷ್ಟೇ.

ಬರ್ಮಿಂಗ್‌ಹ್ಯಾಮ್_ಬೀಗರು
ತಡವಾಗಿ ಬಂದೆ. ನನ್ನದು ಹೈಬ್ರಿಡ್, ಇನ್ನು ಕೆಲವೇ ತಿಂಗಳಲ್ಲಿ ಲೀಸ್ ಮುಗಿಯುತ್ತದೆ. ಮೈಲಿ ಮಿತಿ ದಾಟಿದೆ, ಅಲಾಯ್ ಚಕ್ರ ಎರಡು ಕಡೆ ಫುಟ್‌ಪಾತ್‌ಗೆ ಉಜ್ಜಿದೆ. ಚಾರ್ಜಿಂಗ್ ಕೇಬಲ್ ಚೀಲವೂ ಕಾಣುತ್ತಿಲ್ಲ. ಎಷ್ಟು ಸುಲಿಯುತ್ತಾರೆ?

ಲೆಕ್ಕದಮ್ಮ_ಎಂಕೆ
ಜಾಸ್ತಿ ಮೈಲಿಗೆ ಎಷ್ಟು ಪೆನ್ಸ್ ಅಂತ ಒಪ್ಪಂದದಲ್ಲೇ ಇರುತ್ತದೆ, ತೆಗೆದು ನೋಡಿ. ಈಗಲೇ ಹೇಳಿದರೆ ಕೆಲವರು ಮಿತಿ ಏರಿಸಿ ಕಂತು ತಿದ್ದಿಕೊಡುತ್ತಾರೆ, ಕೊನೆಗೆ ಒಟ್ಟಿಗೆ ಕಟ್ಟುವುದಕ್ಕಿಂತ ಅದು ಅಗ್ಗವಾಗಬಹುದು. ಗೀಚಿಗೆ ಬಿವಿಆರ್‌ಎಲ್‌ಎ ಅಂತ ಲೀಸಿಂಗ್ ಸಂಘದ ನಿಯಮ ಇದೆ, ಸಹಜ ಸವೆತ ಯಾವುದು, ಡ್ಯಾಮೇಜ್ ಯಾವುದು ಅಂತ ಅಳತೆ ಸಮೇತ ಬರೆದಿರುತ್ತಾರೆ. ಅದನ್ನು ಓದಿ, ಚಕ್ರ ಹೊರಗೆ ರಿಪೇರಿ ಮಾಡಿಸುವುದು ಲಾಭವೋ ನೋಡಿ. ವಾಪಸ್ ಕೊಡುವ ದಿನ ಹಗಲಲ್ಲಿ, ಕಾರು ತೊಳೆದು, ಸುತ್ತ ಫೋಟೋ ತೆಗೆದಿಡಿ.

ಕೇಬಲ್ ಹುಡುಕಿ. ಕಳೆದಿದ್ದರೆ ಅದಕ್ಕೂ ಬಿಲ್ ಹಾಕುತ್ತಾರೆ.

ಬರ್ಮಿಂಗ್‌ಹ್ಯಾಮ್_ಬೀಗರು
ಸಿಕ್ಕಿತು. ಸ್ಪೇರ್ ಚಕ್ರದ ಜಾಗದಲ್ಲಿತ್ತು. ಪ್ಲಾಸ್ಟಿಕ್ ಬಿಚ್ಚಿದೆ, ಪೆಟ್ರೋಲ್_ಪ್ರೇಮಿಯವರು ಏನೂ ಕೇಳಬಾರದು.

ಪೆಟ್ರೋಲ್_ಪ್ರೇಮಿ
ಯಾವಾಗ ಬಿಚ್ಚಿದ್ದು? ಇವತ್ತಾ?